ರೊಟ್ಟಿಯಲ್ಲಿ ಉಳಿದ ಹರಳು

ನಮ್ಮ ರೊಟ್ಟಿ ಬೇಯುವುದು ಕಾದ ಹರಳುಗಲ್ಲಿನ ಮೇಲೆ.
ಸಂಗಕ್ ಎಂದರೆ ಅದೇ: ಪುಟ್ಟ ಕಲ್ಲು.
ಒಲೆಯಿಂದೆಳೆದು ಹಲಗೆಗೆ ಬಡಿದರೆ ಉದುರುತ್ತವೆ,
ಒಂದೋ ಎರಡೋ ಮಾತ್ರ ಕಚ್ಚಿಕೊಂಡಿರುತ್ತವೆ.
ತಡವಿ ತಿನ್ನಬೇಕು.
ಟೆಹರಾನಿನ ಮಗುವಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಆ ಚಳಿಗಾಲ ಸೀಮೆಎಣ್ಣೆಗೊಂದು ಸಾಲು, ರೊಟ್ಟಿಗೊಂದು ಸಾಲು.
ಗೋಡೆಗಳ ಮೇಲೆ ಇನ್ನೂ ಆರದ ಘೋಷಣೆ.
ದೊಡ್ಡ ಕಚೇರಿಯ ಗೇಟು ಹತ್ತಿ ಹುಡುಗರು ಒಳನುಗ್ಗಿದಾಗ
ಹಿತ್ತಿಲ ಬಾಗಿಲಿಂದ ಕೆಲವರು ಜಾರಿಕೊಂಡರಂತೆ,
ಸಾಲಿನಲ್ಲಿ ಪಿಸುಮಾತು.

ಬೀದಿಯ ತುದಿಗೆ ಬೇರೊಂದು ದೇಶದ ರಾಯಭಾರಿಯ ಮನೆ.
ಅಡುಗೆಯ ಖಾವರ್ ಬರುತ್ತಿದ್ದಳು, ಗೀಲಾನಿನವಳು,
ಮಾತಿನಲ್ಲಿನ್ನೂ ಭತ್ತದ ಗದ್ದೆಯ ತೇವ.
ಮೂರು ವರ್ಷ ದಿನಕ್ಕೊಂದೇ ರೊಟ್ಟಿ.
ಒಂದು ಮಂಗಳವಾರ ನಾಲ್ಕು ಕೇಳಿದಳು.
‘ನೆಂಟರೇನು?’
‘ಹೂಂ, ನೆಂಟರು.’
ಇದ್ದಬದ್ದ ಪರದೇಶಿಗಳೇ ಗಂಟುಮೂಟೆ ಕಟ್ಟುವ ಹೊತ್ತಲ್ಲಿ
ಇದೆಂಥ ನೆಂಟರು!
ಬಾಯಿಗೆ ಬಂದದ್ದನ್ನು ಹಿಟ್ಟಿನ ಜೊತೆ ನಾದಿಬಿಟ್ಟೆ.

ಅವರ ಮೇಲೆ ನನಗೆ ಮಮತೆಯಿತ್ತೆಂದು ತಿಳಿಯಬೇಡಿ.
ನನ್ನ ತಮ್ಮ ಯದುಲ್ಲಾ ಹಿಂದಿನ ವರ್ಷ ಚೌಕದಲ್ಲಿ ಬಿದ್ದ.
ಗುಂಡು ಅವರ ದೇಶದ್ದೇ ಎಂದರು ಎಲ್ಲರೂ.
ಇರಬಹುದು.
ಗುಂಡನ್ನು ನಾನು ನೋಡಲಿಲ್ಲ, ಅಂಗಿಯ ತೂತನ್ನು ನೋಡಿದೆ.

ಒಂದು ದಿನ ಖಾವರ್ ಬಂದವಳೇ ಹರಳೊಂದನ್ನು ಹಲಗೆಗೆ ಕುಕ್ಕಿದಳು.
‘ನಿನ್ನ ಕಲ್ಲಿಗೆ ಅವನ ಹಲ್ಲು ಮುರಿಯಿತು!’
‘ಯಾರ ಹಲ್ಲು?’
ಹಿಂದೆ ನಿಂತಿದ್ದ ಹತ್ತು ಜನ ಉಸಿರು ಕೇಳಿಸಿಕೊಳ್ಳುತ್ತಿದ್ದರು.
‘ನನ್ನದು’ ಎಂದು ನಕ್ಕಳು,
ಮೂವತ್ತೆರಡೂ ನೆಟ್ಟಗೆ ಹೊಳೆದವು.
ಕಾಗದದಲ್ಲಿ ಒಂದು ಹಿಡಿ ಲವಂಗ ಸುತ್ತಿಕೊಟ್ಟೆ.
ಹಲ್ಲಿನ ವೈದ್ಯನ ಮನೆ ಎರಡೇ ಗಲ್ಲಿ ಆಚೆ;
ಆ ಎರಡು ಗಲ್ಲಿ ಆಗ ಒಂದು ಸಮುದ್ರ.

ಆಮೇಲೆ ಸಮಿತಿಯ ಬೆಹ್ರೂಜ್ ಬಂದ. ಗಡ್ಡ ಪೂರ್ತಿ ಬಂದಿಲ್ಲ,
ಬಂದೂಕು ಬಂದಿತ್ತು. ತಮ್ಮನ ಗೆಳೆಯ.
ನಮ್ಮ ಮನೆಯಲ್ಲಿ ಉಂಡು ಬೆಳೆದವನು.
‘ಆ ಮನೆಗೆ ದಿನಕ್ಕೆಷ್ಟು ರೊಟ್ಟಿ, ಅಣ್ಣಾ?’
ಸಾಲದ ಲೆಕ್ಕ ಗೋಡೆಯ ಮೇಲಿತ್ತು, ಸೀಮೆಸುಣ್ಣದ ನಾಲ್ಕು ಗೆರೆ.
ಬೆನ್ನು ಒರಗಿಸಿ ನಿಂತೆ.
‘ಒಂದು.’
ರಾತ್ರಿ ಅಂಗಿ ಕಳಚಿದರೆ ಬೆನ್ನ ತುಂಬ ಬಿಳಿ.
ಹೆಂಡತಿ ಒಗೆದಳು, ಕೇಳಲಿಲ್ಲ.

ಯಾಕೆ ಹೇಳಲಿಲ್ಲ?
ದೊಡ್ಡ ಕಾರಣ ಹುಡುಕಿ ಸೋತಿದ್ದೇನೆ.
ಯಾರ ಹೊಟ್ಟೆಗೆಷ್ಟು ಎಂಬುದನ್ನು
ಶಹಾನ ಪೊಲೀಸರಿಗೂ ನಾವು ಕೊಟ್ಟವರಲ್ಲ, ಅಷ್ಟೆ.

ಕಲ್ಲು ನೀರು ಕರಗುವ ಹೊತ್ತಿಗೆ ನಾವು ಒಲೆ ಹೊತ್ತಿಸುತ್ತೇವೆ.
ಜನವರಿಯ ಅಂಥದೊಂದು ಹೊತ್ತು, ಹಿಮದ ಮೇಲೆ
ದೀಪವಾರಿಸಿದ ಕಾರೊಂದು ಮೆಲ್ಲಗೆ ಬಂತು.
ನನ್ನ ಬೆಂಕಿಯ ಬೆಳಕು ಅದರ ಕಿಟಕಿಗೆ ಬಿತ್ತು.
ಒಳಗೆ ಹೊಸ ಟೋಪಿಗಳು, ಹೊಸ ಕನ್ನಡಕ,
ಹೊಸದಾಗಿ ಕಲಿತ ಹೆಸರುಗಳೂ ಇದ್ದಿರಬೇಕು.
ಒಬ್ಬನು ಮಾತ್ರ ಅಂಗೈಯಲ್ಲಿ
ಎಡಗೆನ್ನೆಯನ್ನು ಹಿಡಿದುಕೊಂಡಿದ್ದ.

ಕಣ್ಣಿಗೆ ಕಣ್ಣು ಸಿಕ್ಕಿತೋ ಇಲ್ಲವೋ.
ಕಾರು ವಿಮಾನ ನಿಲ್ದಾಣದ ದಿಕ್ಕಿಗೆ ತಿರುಗಿತು.
ಅಭ್ಯಾಸಬಲ, ಅಂದೂ ನಾಲ್ಕು ತೆಗೆದು ಮೊಳೆಗೆ ತೂಗುಹಾಕಿದೆ.
ಯಾರೂ ಬರಲಿಲ್ಲ. ಮಧ್ಯಾಹ್ನ ಬೆಹ್ರೂಜ್ ಹಸಿದು ಬಂದ,
ನಾಲ್ಕನ್ನೂ ಅವನಿಗೇ ಕೊಟ್ಟೆ.

ಖಾವರ್‌ಳನ್ನು ಮೂರು ದಿನ ಕೂಡಿಹಾಕಿದ್ದರು.
ಹೊರಬಂದವಳು ನಡೆಯುತ್ತಿದ್ದ ರೀತಿಯೇ ಬೇರೆ.
ಒಂದು ರೊಟ್ಟಿ ಕೊಂಡಳು, ನಿಧಾನವಾಗಿ
ಒಂದೊಂದೇ ಹರಳು ಕಿತ್ತು ಹಲಗೆಯ ಮೇಲಿಟ್ಟಳು,
ಊರಿಗೆ ಹೋದಳು.
ಆ ದೂರದ ದೇಶದಲ್ಲಿ ಪದಕ ಹಂಚಿದರೆಂದು ರೇಡಿಯೊ ಹೇಳಿತು.
ಅಡುಗೆಯವಳ ಹೆಸರು ಬರಲಿಲ್ಲ. ಬಾರದ್ದೇ ಒಳ್ಳೆಯದಾಯಿತು.

ಎಲ್ಲೋ ಒಬ್ಬನ ನಾಲಗೆ
ಮುರಿದ ಹಲ್ಲಿನ ಜಾಗಕ್ಕೆ ಇಂದಿಗೂ ಹೋಗುತ್ತಿರಬಹುದು,
ಸುಮ್ಮನೆ, ಊಟದ ನಡುವೆ.
ನನ್ನದೂ ಒಮ್ಮೊಮ್ಮೆ
ಯದುಲ್ಲಾ ಎನ್ನುವಷ್ಟು ದೂರ ಹೋಗಿ
ತಿರುಗಿ ಬರುತ್ತದೆ.